ಬರ್ಲಿನ್ನಿನ ಅಕ್ಕತಂಗಿಯರಿಗೆ ಎಳ್ಳು-ಬೆಲ್ಲ

ಅಡಿಲೇಡ್‌ನ ಕಿಲ್ಬರ್ನ್ ಬಡಾವಣೆಯ ಆ ಬೀದಿಯಲ್ಲಿ ವನಜಾಳಿಗೆ ಗೆಳತಿ ಅಂತ ಇದ್ದವರು ಪಕ್ಕದ ಮನೆಯ ಹೆರ್ತಾ ಆಂಟಿ ಒಬ್ಬರೇ. ಎಪ್ಪತ್ತೈದು ವಯಸ್ಸು, ಬರ್ಲಿನ್ನಿನವರು. ಎರಡೂ ಹಿತ್ತಿಲ ನಡುವಿನ ಬೇಲಿಗೊಂದು ಪುಟ್ಟ ಬಾಗಿಲಿತ್ತು. ಅದಕ್ಕೆ ಚಿಲಕ ಹಾಕಿದ್ದನ್ನು ವನಜಾ ಕಂಡಿರಲಿಲ್ಲ.

ಹೋದ ವರ್ಷ ವನಜಾ ಹೋಗುತ್ತಿದ್ದ ಸಂಜೆ ಕ್ಲಾಸಿನಲ್ಲಿ ಯುದ್ಧ ಗೆದ್ದವರು ಜರ್ಮನಿಯನ್ನು ಹಂಚಿಕೊಂಡ ಪಾಠವಾಯಿತು. ಅರ್ಧ ಯೂರೋಪು ಅಮೆರಿಕದ ಬಣಕ್ಕೆ, ಅರ್ಧ ರಷ್ಯದ ಬಣಕ್ಕೆ. ವನಜಾ ನಕಾಶೆಯಲ್ಲಿ ಅಮೆರಿಕದ ಕಡೆಗೆ ನೀಲಿ, ರಷ್ಯದ ಕಡೆಗೆ ಕೆಂಪು ತುಂಬಿ, ತಪ್ಪಿದೆಯೇನೋ ಎಂದು ಹೆದರುತ್ತಲೇ ಆಂಟಿಗೆ ತೋರಿಸಿದಳು.

"ನನ್ನ ತಂಗಿ ಇಲ್ಸ ಈ ಕೆಂಪಿನಲ್ಲಿ ಉಳಿದುಬಿಟ್ಟಳು," ಎಂದರು ಆಂಟಿ. "ಈಗ ಪರ್ತ್‌ನಲ್ಲಿದ್ದಾಳೆ. ನಮಗೆ ಮಾತಿಲ್ಲ."

ಅಕ್ಕತಂಗಿಯರ ಮುನಿಸು ಎಷ್ಟು ದಿನದ್ದು ಎಂದುಕೊಂಡಳು ವನಜಾ. ತನ್ನೂರು ಮೈಸೂರಿನಲ್ಲಿ, ಸಂಕ್ರಾಂತಿಯಂದು ಎಳ್ಳು ಬೀರಲು ಬಂದರೆ ಮಾತು ಬಿಟ್ಟವರೂ ಬಾಗಿಲು ತೆರೆಯುತ್ತಿದ್ದರು. ಪರ್ತ್‌ನಲ್ಲಿದ್ದ ಗೆಳತಿ ಶ್ರೀಲಕ್ಷ್ಮಿಯ ಮೂಲಕ ಇಲ್ಸರನ್ನು ಹುಡುಕಿದಳು. ಅವರು ಬ್ರಿಸ್ಬೇನ್‌ನ ಮಗನ ಮನೆಗೆ ಹೊರಟಿದ್ದರು. "ನಿಮ್ಮ ಅಕ್ಕ ಕಾಯುತ್ತಿದ್ದಾರೆ" ಎಂದು ವನಜಾ ಸುಳ್ಳು ಹೇಳಿ, ದಾರಿಯಲ್ಲಿ ಅಡಿಲೇಡ್‌ನಲ್ಲಿ ಇಳಿಯಲು ಒಪ್ಪಿಸಿದಳು.

"ಹೆರ್ತಾ ಆಂಟೀನ ಕೇಳಿದ್ಯೇನೇ?" ಎಂದ ಗಂಡ ಉದಯಶಂಕರ್.

"ಕೇಳಿದ್ರೆ ಬೇಡ ಅಂತಾರೆ ಕಣ್ರೀ."

"ಸರಿ ಹೋಯ್ತು! ವಿಶ್ವಸಂಸ್ಥೆ ನಮ್ಮ ಅಡುಗೆಮನೇಲೇ ತೆರೆದ್ಬಿಟ್ಟೆ ಬಿಡು."

ಸಂಕ್ರಾಂತಿಯ ಮಧ್ಯಾಹ್ನ ಬಿಸಿಲು ರಣಗುಟ್ಟುತ್ತಿತ್ತು. ಇಲ್ಸ ವನಜಾಳ ಮನೆಯ ಸೋಫಾದಲ್ಲಿ ಕೂತಿದ್ದರು. ಹೆರ್ತಾ ಆಂಟಿ ಎಂದಿನಂತೆ ಬೇಲಿಬಾಗಿಲಿನಿಂದ ಬಟ್ಟಲು ತುಂಬ ಏಪ್ರಿಕಾಟ್ ಹಣ್ಣು ತಂದರು. ತಂಗಿ ಎದ್ದು ಜರ್ಮನ್‌ನಲ್ಲಿ ಏನೋ ಅಂದರು. ಆಂಟಿ ಬಟ್ಟಲನ್ನು ಮೇಜಿನ ಮೇಲಿಟ್ಟು ಬಂದ ದಾರಿಯಲ್ಲೇ ತಿರುಗಿದರು.

ವನಜಾ ಎಳ್ಳು-ಬೆಲ್ಲ ಹಿಡಿದು ಹಿಂದೆಯೇ ಓಡಿದಳು. "ಆಂಟಿ, ಇದನ್ನ ತಿಂದು ಒಳ್ಳೇ ಮಾತಾಡ್ಬೇಕು ಅಂತ ನಮ್ಮಲ್ಲಿ..."

"ನಾನು ಮದುವೆಯಾಗಬೇಕಿದ್ದವನು ಗಡಿ ದಾಟಿ ನನ್ನ ಕಡೆಗೆ ಬರುತ್ತಾನೆಂದು ಅಲ್ಲಿಯ ಪೊಲೀಸರಿಗೆ ಹೇಳಿದವಳು ಅವಳು. ಅವನು ಜೈಲಿನಲ್ಲೇ ಸತ್ತ," ಎಂದರು ಆಂಟಿ. "ಅವಳನ್ನು ಹೆದರಿಸಿರಬಹುದು, ಅದೂ ಗೊತ್ತು. ಕ್ಷಮಿಸುವುದೋ ಬಿಡುವುದೋ, ಅದೊಂದು ನನ್ನ ಕೈಲಿತ್ತು. ಯುದ್ಧ ಗೆದ್ದವರು ನನ್ನನ್ನು ಕೇಳದೆ ಗೆರೆ ಎಳೆದರು. ನೀನು ಕೇಳದೆ ಅಳಿಸಲು ಬಂದೆ."

ವನಜಾ ಒಳಗೆ ಬಂದಾಗ ಇಲ್ಸ ಕೇಳಿದರು: "ಅಕ್ಕ ಕಾಯುತ್ತಿದ್ದಾಳೆ ಅಂದೆಯಲ್ಲ?"

ಒಳ್ಳೆಯದು ಮಾಡಲು ಹೋದವಳ ಮೇಲೇ ಎಲ್ಲರೂ ಎಗರುತ್ತಾರೆ ಎಂದು ವನಜಾಳಿಗೆ ಸಿಟ್ಟು ಬಂತು. ಆ ಸಿಟ್ಟಿಗೂ ನಾಚಿಕೆಯಾಯಿತು. ಉದಯಶಂಕರ್ ಇಲ್ಸರನ್ನು ಏರ್‌ಪೋರ್ಟಿಗೆ ಬಿಟ್ಟು ಬಂದ.

ಸಂಜೆ ಅವಳು ಆಂಟಿಯ ಬಟ್ಟಲು ತೊಳೆದಳು. ಬರಿದಾದ ಪಾತ್ರೆ ಹಿಂದಿರುಗಿಸಬಾರದೆಂದು ಅಭ್ಯಾಸಬಲದಿಂದ ಎಳ್ಳು-ಬೆಲ್ಲ ತುಂಬಿದಳು. ಆಮೇಲೆ, ಕೇಳದೆ ಕೊಡುವುದು ಬೇಡವೆಂದು ಮತ್ತೆ ಡಬ್ಬಿಗೇ ಸುರಿದಳು.

ಬೇಲಿಬಾಗಿಲು ತಳ್ಳಿದಳು. ಆ ಕಡೆಯಿಂದ ಚಿಲಕ ಬಿದ್ದಿತ್ತು. ಬೇಲಿ ಎದೆಮಟ್ಟದ್ದು, ಕೈ ಚಾಚಿದರೆ ಬಟ್ಟಲನ್ನು ಆಚೆಗಿಡಬಹುದಿತ್ತು.

"ಆಂಟಿ, ಬಟ್ಟಲು ತಂದಿದ್ದೀನಿ. ಕೊಡ್ಲಾ?"

ಒಳಗೆ ರೇಡಿಯೊ ಹಾಡುತ್ತಿತ್ತು. ಖಾಲಿ ಬಟ್ಟಲು ಹಿಡಿದು ವನಜಾ ಈಚೆಯೇ ನಿಂತಳು.