ಬಿರುಕಿಲ್ಲದ ಮೊಟ್ಟೆ

"ನಿನ್ನ ಹೆಸ್ರಲ್ಲಿ ಯಾರೂ ಹರಕೆ ಹೊತ್ತಿಲ್ವೇನೇ?" ಎಂದು ಬೈಕ್ ಟ್ಯಾಕ್ಸಿಯ ತೋಂಗ್‌ಬೈ ಕೇಳಿದಾಗ ಫಾಂಗ್ ಕುದಿಯುವ ಹಂಡೆಯಿಂದ ಕಣ್ಣು ಕೀಳಲಿಲ್ಲ. ಅವಳ ತೊಡೆಯ ಮೇಲೆ ಪ್ರವೇಶ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಉಗಿಗೆ ಮೆತ್ತಗಾಗಿ ಬಿದ್ದಿತ್ತು.

"ಮೊಟ್ಟೆ ಮಾರೋರೇ ಮೊಟ್ಟೆ ಹರಕೆ ಹೊತ್ರೆ ಬುದ್ಧಪ್ಪ ನಗ್ತಾನೆ, ಮಾವ."

"ನಗ್ಲಿ ಬಿಡು. ನಿಮಗಾದ್ರೆ ಸಗಟು ಬೆಲೆಗೆ ವರ ಸಿಗುತ್ತೆ."

ಬಾಂಗ್ ಪಕೋಂಗ್ ನದಿಯ ದಂಡೆಯಲ್ಲಿರುವ ದೇವಾಲಯದ ಎದುರು ಫಾಂಗಳ ತಾಯಿ ವಿಲೈ ಬೇಯಿಸಿದ ಮೊಟ್ಟೆ ಮಾರುತ್ತಿದ್ದಳು. ಬೇಡಿದ್ದು ಕೈಗೂಡಿದವರು ಬುಟ್ಟಿಗಟ್ಟಲೆ ಮೊಟ್ಟೆ ಕೊಂಡು ಒಳಗಿನ ಬುದ್ಧನಿಗೆ ಒಪ್ಪಿಸಿ ಹರಕೆ ತೀರಿಸುವರು. ಕೈಗೂಡುವ ಮುನ್ನ ಯಾರೂ ಒಂದನ್ನೂ ಒಪ್ಪಿಸರು. ಒಪ್ಪಿಸುವ ಮೊಟ್ಟೆಯಲ್ಲಿ ಕೂದಲೆಳೆಯಷ್ಟು ಬಿರುಕೂ ಇರಕೂಡದು. ಬಿರುಕು ಬಿಟ್ಟವೆಲ್ಲ ಮನೆಯ ಪಾಲು. ಫಾಂಗ್ ಹುಟ್ಟಿದಂದಿನಿಂದ ತಿಂದದ್ದೆಲ್ಲ ಒಡಕು ಮೊಟ್ಟೆಯೇ.

ಒಂದೇ ಹಂಡೆಯಲ್ಲಿ ಬೆಂದರೂ ಕೆಲವು ಮಾತ್ರ ಏಕೆ ಒಡೆಯುತ್ತವೆ ಎಂಬುದು ಅವಳ ಬಾಲ್ಯದ ಮೊದಲ ಪ್ರಶ್ನೆಯಾಗಿತ್ತು. ಆಮೇಲಿನ ಪ್ರಶ್ನೆಗಳೆಲ್ಲ ನದಿಯವು. ಬೇಸಿಗೆಯಲ್ಲಿ ಕಡಲಿನ ಉಪ್ಪು ನದಿಯೊಳಗೆ ಎಷ್ಟು ದೂರ ಏರಿ ಬರುತ್ತದೆ? ಅದು ಬರುವ ಸುದ್ದಿ ಅಳಿವೆಯ ಡಾಲ್ಫಿನ್‌ಗಳಿಗೆ ಹೇಗೆ ಮುಟ್ಟುತ್ತದೆ? ಅವಳು ದಿನವೂ ಮೆಟ್ಟಿಲಿಳಿದು ನೀರಿಗೆ ಬೆರಳದ್ದಿ ನೆಕ್ಕಿ ನೋಡುವಳು. ಅಜ್ಜಿ ದಿನವೂ ಬೈಯುವಳು.

ಅಂಥ ಪ್ರಶ್ನೆಗಳಿಗೆ ಉತ್ತರ ಕಲಿಸುವ ಕಡಲ ವಿಜ್ಞಾನದ ವಿಭಾಗವಿದ್ದದ್ದು ದೂರದ ದಕ್ಷಿಣದಲ್ಲಿ, ಸೋಂಗ್‌ಖ್ಲಾದ ಕಡೆ. ಅಲ್ಲಿಗೆ ಸೇರಲು ಭೌತಶಾಸ್ತ್ರದ ಪತ್ರಿಕೆ ಬರೆಯಬೇಕು. ಊರಿನ ಶಿಕ್ಷಕರ ಕಾಲೇಜಿಗಾದರೆ ಸಮಾಜಶಾಸ್ತ್ರ ಸಾಕು. ಎರಡೂ ಪತ್ರಿಕೆಗಳು ಒಂದೇ ಹೊತ್ತಿಗೆ ನಡೆಯುವುದರಿಂದ ಒಂದನ್ನು ಬಿಡಲೇಬೇಕು. ನೋಂದಣಿ ಆ ಸಂಜೆಗೆ ಮುಗಿಯುತ್ತಿತ್ತು.

"ಅಮ್ಮಾ, ಯಾವ್ದು ಹಾಕ್ಲಿ?"

"ಮೊಟ್ಟೆ ಆರ್ಸು."

"ವಾರದಿಂದ ಇದನ್ನೇ ಹೇಳ್ತಿದೀಯ."

"ವಾರದಿಂದ ಮೊಟ್ಟೆನೂ ಇದೆಯಲ್ಲ."

ಕಂಬಕ್ಕೊರಗಿ ಕುಳಿತಿದ್ದ ಅಜ್ಜಿಗೆ ಇಂಥ ಬಿಗುಮಾನವಿರಲಿಲ್ಲ. "ಇಲ್ಲೇ ಟೀಚರ್ ಆಗು. ಆ ಕಡೆಯೋರ ಸಾರು ಬೆಂಕಿ, ನಿನ್ ಹೊಟ್ಟೆ ತಡ್ಯಲ್ಲ. ನಿಮ್ಮಮ್ಮನೂ ಒಂದ್ ಕಾಲದಲ್ಲಿ ಬ್ಯಾಂಕಾಕಿಗೆ ಹೋಗಿ ನರ್ಸಾಗ್ತೀನಿ ಅಂತ ಕುಣಿದ್ಲು. ಬೇಡ ಅಂದೆ, ಬಿಟ್ಲು. ಈಗೇನ್ ಕಮ್ಮಿಯಾಗಿದೆ ಅವ್ಳಿಗೆ?"

ವಿಲೈ ಜಾಲರಿ ಸೌಟನ್ನು ಹಂಡೆಯಿಂದ ಮೇಲೆತ್ತಿ ಹಿಡಿದಳು. ನೀರೆಲ್ಲ ಸೋರಿಹೋದ ಮೇಲೂ ಹಿಡಿದೇ ನಿಂತಿದ್ದಳು.

ಫಾಂಗ್ ಅದನ್ನು ಸಿಟ್ಟೆಂದೇ ಎಣಿಸಿದಳು. ಎದ್ದು ಅಂಗಡಿಯ ಹಿಂದಕ್ಕೆ ಹೋಗಿ, ನದಿಗಿಳಿಯುವ ಮೆಟ್ಟಿಲ ಮೇಲೆ ಕುಳಿತು ಫೋನ್ ತೆರೆದಳು. ಬೆರಳು ಸಮಾಜಶಾಸ್ತ್ರದ ಮೇಲೆ ಬಂದು ನಿಂತಿತು. ಆ ಬೆರಳನ್ನೇ ತೆಗೆದು ನೀರಿಗದ್ದಿ ನಾಲಿಗೆಗೆ ಮುಟ್ಟಿಸಿಕೊಂಡಳು. ನಿನ್ನೆ ಇಲ್ಲದಿದ್ದ ಒಂದು ಬಗೆಯ ಒಗರು ಇತ್ತು. ಉಪ್ಪೋ ಅಲ್ಲವೋ ಹೇಳುವಂತಿರಲಿಲ್ಲ. ಲಂಗಕ್ಕೆ ಬೆರಳೊರೆಸಿಕೊಂಡು ಭೌತಶಾಸ್ತ್ರವನ್ನು ಒತ್ತಿದಳು.

"ಅಮ್ಮಾ, ಭೌತಶಾಸ್ತ್ರ ಹಾಕ್ದೆ. ಫೀಸೂ ಕಟ್ದೆ. ಇನ್ನು ಬದಲಾಯ್ಸಕ್ಕಾಗಲ್ಲ."

ಬೈಗುಳಕ್ಕೆ ಸಿದ್ಧಳಾಗಿಯೇ ಬಂದಿದ್ದಳು. ವಿಲೈ ಬೈಯಲಿಲ್ಲ. ಏಪ್ರನ್ನಿಗೆ ಕೈಯೊರೆಸಿಕೊಂಡು, ಮಾರುವ ಬುಟ್ಟಿಯಿಂದ ಒಂದೊಂದೇ ಮೊಟ್ಟೆಯನ್ನೆತ್ತಿ, ಬೆಳಕಿಗೆ ತಿರುಗಿಸಿ ನೋಡಿ, ತಟ್ಟೆಯಲ್ಲಿ ಜೋಡಿಸತೊಡಗಿದಳು. ಅದರ ಮೇಲೊಂದು ಮಲ್ಲಿಗೆ ಹಾರವಿಟ್ಟಳು. ಊದುಬತ್ತಿಯ ಕಟ್ಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ವಾಹನಗಳಿಗೆ ಕೈ ಅಡ್ಡ ಹಿಡಿಯುತ್ತ ರಸ್ತೆ ದಾಟಿ ದೇವಾಲಯದೊಳಕ್ಕೆ ಹೋದಳು.

"ಅಜ್ಜಿ, ಪರೀಕ್ಷೆನೇ ಆಗಿಲ್ವಲ್ಲ."

"ಹ್ಞೂಂ ಮತ್ತೆ. ಸಿಗೋಕ್ ಮುಂಚೆ ಯಾರ್ ಕೊಡ್ತಾರೆ?"

"ಸಿಕ್ಕಿರ್ಬೇಕು," ಎಂದ ತೋಂಗ್‌ಬೈ, ಹೆಲ್ಮೆಟ್ಟಿನ ಪಟ್ಟಿಯನ್ನು ಎಳೆದುಕೊಳ್ಳುತ್ತ.

ಅಜ್ಜಿ ಅವನನ್ನು ನೋಡಿದಳು, ಆಮೇಲೆ ರಸ್ತೆಯಾಚೆಯ ಬಾಗಿಲನ್ನು ನೋಡಿದಳು. ಮಗಳು ಬಿಟ್ಟುಹೋದ ಸೌಟನ್ನು ಕೈಗೆತ್ತಿಕೊಂಡಳು.

ಊದುಬತ್ತಿ ಉರಿದು ಮುಗಿಯುವಷ್ಟು ಹೊತ್ತು ಕಳೆದು ವಿಲೈ ಮರಳಿದಳು. ಒಪ್ಪಿಸಿ ಪ್ರಸಾದವಾಗಿ ಮರಳಿ ತಂದ ಮೊಟ್ಟೆಗಳಲ್ಲಿ ಒಂದನ್ನು ತಾಯಿಗೂ ಒಂದನ್ನು ತೋಂಗ್‌ಬೈಗೂ ಕೊಟ್ಟು, ಒಂದನ್ನು ಮಗಳ ಅಂಗೈಯಲ್ಲಿಟ್ಟಳು.

"ಏನ್ ಬೇಡ್ಕೊಂಡಿದ್ದೆ ಅಮ್ಮ?"

"ತಿನ್ನು. ತಿಂದು ಆ ನಿನ್ನ ಲೆಕ್ಕ ಮುಗ್ಸು," ಎಂದು ವಿಲೈ ಗಿರಾಕಿಗಳತ್ತ ತಿರುಗಿದಳು.

ಸುಲಿಯಲು ಎಲ್ಲಿಂದ ತೊಡಗಬೇಕೆಂದು ಫಾಂಗ್ ರೂಢಿಯಂತೆ ಬಿರುಕು ಹುಡುಕಿದಳು. ಬೆರಳ ತುದಿಯಿಂದ ಸುತ್ತಲೂ ಸವರಿದಳು. ಎಲ್ಲೆಡೆಯೂ ನುಣ್ಣಗಿತ್ತು, ಇನ್ನೂ ತುಸು ಬೆಚ್ಚಗಿತ್ತು. ದಪ್ಪ ತುದಿಯನ್ನು ಹಲಗೆಯ ಅಂಚಿಗೆ ಮೆಲ್ಲಗೆ ತಟ್ಟಿದಳು. ಒಡೆಯಲಿಲ್ಲ. ಇನ್ನೊಮ್ಮೆ, ಸ್ವಲ್ಪ ಜೋರಾಗಿ ತಟ್ಟಿದಳು.