ಮೂರನೇ ಅಧ್ಯಾಯದಲ್ಲಿ ಸತ್ತ ಕೊಲೆಗಾರ

ಹೆಸ್ಟರ್ ಲಡ್‌ಬ್ರೂಕ್ ಬರೆದ ಪ್ರತಿಯೊಂದು ಪತ್ತೇದಾರಿ ಕಾದಂಬರಿಯೂ ಅಚ್ಚಿಗೆ ಹೋಗುವ ಮುನ್ನ ಮನೆಯಲ್ಲೇ ಒಂದು ಪರೀಕ್ಷೆಯನ್ನು ದಾಟಬೇಕಿತ್ತು. ಕೊನೆಯ ಅಧ್ಯಾಯವೊಂದನ್ನು ಬಿಟ್ಟು ಉಳಿದುದನ್ನೆಲ್ಲ ಸಂಜೆಯ ಚಹಾದ ನಂತರ ಗಂಡನಿಗೆ ಓದಿ ಹೇಳುವಳು. ನಿವೃತ್ತ ವೈದ್ಯ ಸೆಡ್ರಿಕ್ ಕೊಲೆಗಾರನನ್ನು ಹಿಡಿದುಬಿಟ್ಟರೆ ಹಸ್ತಪ್ರತಿ ಬೆಂಕಿಗೆ. ಮದುವೆಯಾದಂದಿನಿಂದ ಅವನು ಒಮ್ಮೆಯೂ ಗೆದ್ದಿರಲಿಲ್ಲ.

ಆ ಶನಿವಾರ ಓದು ಮುಗಿಯಿತು. ಸೋಮವಾರ ಹಸ್ತಪ್ರತಿ ಒಯ್ಯಲು ಪ್ರಕಾಶಕ ಪಿಮ್ ಲಂಡನ್ನಿನಿಂದ ಸಫೋಕ್ ಕಡಲತೀರದ ಈ ಊರಿಗೆ ಬರುವವನಿದ್ದ.

"ಹೇಳಿ ಡಾಕ್ಟರ್ ಸಾಹೇಬ್ರೇ, ಕೊಂದಿದ್ದು ಯಾರು? ಪಾದ್ರಿ ಅಂತ ಮಾತ್ರ ಅನ್ಬೇಡಿ."

"ಅಷ್ಟುದ್ದ ಉಪದೇಶ ಮಾಡೋನ ಮೇಲೆ ಅನುಮಾನ ಬರದೆ ಇರತ್ತಾ? ಹೋಗ್ಲಿ, ಸೋತೆ. ನೀನೇ ಹೇಳು."

"ತೋಟದ ಮಾಲಿ, ಟೋಬಿಯಸ್!"

ಸೆಡ್ರಿಕ್ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟ. "ಹೆಸ್ಟರ್, ಕೊಲೆ ನಡೆಯೋದು ಏಳನೇ ಅಧ್ಯಾಯದಲ್ಲಿ. ಟೋಬಿಯಸ್ ಮೂರನೇದ್ರಲ್ಲೇ ಕಫಜ್ವರ ಬಂದು ಸತ್ತನಲ್ಲ."

"ತಮಾಷೆ ಸಾಕು," ಎಂದು ನಕ್ಕಳು. ಹಾಳೆ ತಿರುವಿದಾಗ ನಗು ಇಂಗಿತು. ಶವಪೆಟ್ಟಿಗೆ, ತೊಯ್ದ ಕೊಡೆಗಳು, ಬಿಕ್ಕುವ ವಿಧವೆ: ಎಲ್ಲವೂ ಅವಳದೇ ಅಕ್ಷರದಲ್ಲಿದ್ದವು. ಬರೆದದ್ದಾಗಲಿ, ಮೊನ್ನೆಯಷ್ಟೇ ಓದಿದ್ದಾಗಲಿ ನೆನಪಿಗೆ ಬಾರದು. ಬೇರೊಬ್ಬಳು ತನ್ನ ಮೇಜಿನ ಮುಂದೆ ಕೂತು ಎದ್ದುಹೋದಂತಿತ್ತು.

"ಸತ್ತ ಹಾಗೆ ನಾಟಕ ಆಡಿದ ಅಂತ ಮಾಡಿದ್ರಾಯ್ತು," ಎಂದ ಸೆಡ್ರಿಕ್.

"ಒಂದು ಸುಳಿವೂ ಕೊಡದೆ? ಅದು ಓದೋರಿಗೆ ಮಾಡೋ ಮೋಸ." ಅವಳು ಹಾಳೆಗಳನ್ನು ಕೆಳಗಿಟ್ಟಳು. "ಹೋದ ಪುಸ್ತಕದಲ್ಲೂ ಹೀಗಾಗಿತ್ತಾ?"

ಅವನು ಕಿಟಕಿಯತ್ತ ನೋಡಿದ. "ಸಣ್ಣಪುಟ್ಟದ್ದು. ಟೈಪ್ ಮಾಡುವಾಗ ನಾನೇ ಸರಿ ಮಾಡ್ದೆ. ಇದನ್ನೂ ಮಾಡ್ತೀನಿ ಬಿಡು. ಪಿಮ್‌ಗೆ ಗೊತ್ತೇ ಆಗಲ್ಲ."

ಪತ್ರಿಕೆಗಳೆಲ್ಲ ಹೊಗಳಿದ್ದು ಅದೇ ಪುಸ್ತಕವನ್ನು. ಕೋಪ ಬಂದಿತು, ಆದರೆ ಇದಿರಿಗಿದ್ದ ಮುಖದಲ್ಲಿ ಕಳ್ಳನ ಅಳುಕಿರಲಿಲ್ಲ, ಎಷ್ಟೋ ದಿನಗಳಿಂದ ಒಂಟಿಯಾಗಿ ಹೊತ್ತ ಭಯವಿತ್ತು.

"ಬರೆಯೋದು ಬಿಟ್ರೆ ನನಗೆ ಬೇರೇನು ಬರತ್ತೆ, ಸೆಡ್ರಿಕ್?"

"ಅದಕ್ಕೇ ಸುಮ್ಮನಿದ್ದೆ ಕಣೇ."

ಹಸ್ತಪ್ರತಿಗೆ ದಾರ ಸುತ್ತಿಟ್ಟು ಅವಳೆದ್ದು ಪಡಸಾಲೆಯ ಫೋನಿನಲ್ಲಿ ಪಿಮ್‌ನ ಮನೆಗೆ ಕರೆ ಮಾಡಿದಳು. ಸೆಡ್ರಿಕ್ ಬೆನ್ನ ಹಿಂದೆ ಬಂದು ನಿಂತ.

"ಪಿಮ್ ಅವರೇ, ಸೋಮವಾರ ಬರೋದು ಬೇಡ. ನನ್ನ ನೆನಪು ಕೈಕೊಡ್ತಾ ಇದೆ. ಈ ಪುಸ್ತಕ ಆಗಲ್ಲ. ಮುಂದಿನದೂ ಇಲ್ಲ."

ಆಚೆ ಕಡೆ ಪಿಮ್ ಗಂಟಲು ಸರಿಮಾಡಿಕೊಂಡು, ಪುಸ್ತಕದ ಮಾತೇ ಎತ್ತದೆ, ಲಂಡನ್ನಿನಲ್ಲಿ ಈ ಸಲ ಚಳಿ ಬೇಗ ಬಂತೆಂದು ಹೇಳತೊಡಗಿದ. ಅಲ್ಲೂ ಗಾಳಿ ಜೋರೇ ಎಂದು ವಿಚಾರಿಸಿದ.

"ಜೋರೇ ಇದೆ," ಎಂದಳು ಹೆಸ್ಟರ್, ಸೆಡ್ರಿಕ್‌ನ ತೋಳನ್ನು ಬಿಗಿಯಾಗಿ ಹಿಡಿದುಕೊಂಡು.