ಗೋಡೆಗೆ ಹೊದಿಸಿದ ಕಂಬಳಿ

"ಇದೇ ಕೊನೆ, ಅಶ್ವತ್ಥಪ್ಪ. ನನ್ನ ಗಂಟಲು ಮುಗೀತು," ಎಂದು ಕೋದಂಡರಾಮಪ್ಪನವರು ಹಜಾರದಲ್ಲಿ ಎಲ್ಲರ ಮುಂದೆ ನನ್ನ ತಮ್ಮನಿಗೆ ಹೇಳಿದರು.

ಅದು ಶ್ರಾವಣದ ಮೊದಲ ಶನಿವಾರ. ಇಪ್ಪತ್ತು ವರ್ಷದಿಂದ ಪ್ರತಿ ಶ್ರಾವಣವೂ ಅವರು ಕುರುಡುಮಲೆಯಿಂದ ಹೊರಟು, ಮುಳಬಾಗಿಲಿನಲ್ಲಿ ಬಸ್ಸು ಹತ್ತಿ, ಕೋಲಾರದಲ್ಲಿ ಇನ್ನೊಂದು ಬಸ್ಸು ಹಿಡಿದು ಮಾಲೂರಿನ ನಮ್ಮ ಮನೆಗೆ ಕಾವ್ಯ ಓದಲು ಬರುತ್ತಿದ್ದರು. ಅವರು ರಾಗವಾಗಿ ಓದುವುದು, ಜೊತೆಗೆ ಬರುವ ಶ್ರೀರಾಮಪ್ಪನವರು ಅರ್ಥ ಹೇಳುವುದು. ನಮ್ಮ ಅಪ್ಪನೂ ಓದುತ್ತಿದ್ದವರೇ. ನನಗೆ ಅಕ್ಷರ ಬರುವ ಮುಂಚೆಯೇ ಪದ್ಯಗಳು ಬಂದವು.

ಹಳೆಯ ಮನೆಯಲ್ಲಿ ಮಣ್ಣಿನ ಗೋಡೆ, ತಗ್ಗು ಸೂರು, ಎರಡೂ ಕಡೆ ರಾಗಿ ಮೂಟೆ. ಆ ವರ್ಷ ತಮ್ಮ ತನ್ನದೇ ಗೂಡಿನಲ್ಲಿ ಸುಟ್ಟ ಇಟ್ಟಿಗೆಯಿಂದ ಹೊಸ ಮನೆ ಕಟ್ಟಿಸಿದ್ದ. ಎತ್ತರದ ತಾರಸಿ, ಮುಖ ಕಾಣುವಷ್ಟು ನುಣ್ಣಗೆ ಉಜ್ಜಿದ ಗಾರೆ, ನೆಲಕ್ಕೆ ಕಡಪ ಕಲ್ಲು. ಎಲ್ಲರೂ ಹೊಗಳಿದರು. ಆದರೆ ಓದು ಶುರುವಾದ ಮೇಲೆ ಒಂದು ಮಾತು ಗೋಡೆಗೆ ಹೋಗಿ ತಿರುಗಿ ಬಂದು ಮುಂದಿನ ಮಾತಿನ ಹೆಗಲೇರತೊಡಗಿತು. ಹೋಳೂರಿನ ಮುನಿರಾಮಪ್ಪ ಮೂರು ಸಲ "ಏನಂದ್ರು?" ಎಂದು ಪಕ್ಕದವರನ್ನು ಕೇಳಿದ. ಅದು ಓದುವವರ ಕಿವಿಗೂ ಬಿತ್ತು. ಅರವತ್ತೆಂಟರ ಮನುಷ್ಯ, ತಪ್ಪು ತನ್ನ ಗಂಟಲಿನದೇ ಎಂದುಕೊಂಡರು.

ತಪ್ಪು ಅವರದಲ್ಲ ಎಂದು ನನಗೆ ಗೊತ್ತಿತ್ತು. ನಾನು ಕೂತಿದ್ದದ್ದು ಉಗ್ರಾಣದ ಬಾಗಿಲಲ್ಲಿ, ಬೆನ್ನ ಹಿಂದೆ ಮೂಟೆಗಳು. ಅಲ್ಲಿ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ನೀರು ಕೊಡಲೆಂದು ಹಜಾರದ ನಡುವೆ ಬಂದರೆ ಅದೇ ಪದ್ಯ ಕಲಸಿದ ಹಿಟ್ಟಾಗಿತ್ತು.

"ಮಾವ, ನಿಮ್ಮ ದನಿ ಸರಿಯಾಗೇ ಇದೆ. ಗೋಡೆ ನಡುವೆ ಬಾಯಿ ಹಾಕ್ತಾ ಇದೆ," ಎಂದೆ.

"ನನಗೆ ನೋವಾಗಬಾರದು ಅಂತ ಹೇಳ್ತೀಯ, ತಾಯಿ. ಆಗಲಿ, ಇನ್ನೊಂದು ಶನಿವಾರ ಬರ್ತೀನಿ. ಆಗ್ಲೂ ಹೀಗೇ ಆದ್ರೆ ಯಾರೂ ನನ್ನ ಕರೀಬೇಡಿ."

ತಮ್ಮನಿಗೆ ಯಾವುದನ್ನೂ ಅರ್ಧ ಮಾಡಿ ಅಭ್ಯಾಸವಿಲ್ಲ. ಮೂಟೆ ಇದ್ದ ಕಡೆ ಚೆನ್ನಾಗಿ ಕೇಳುತ್ತದೆ ಎಂದು ನಾನು ಹೇಳಿದ್ದೇ ತಡ, ನಮ್ಮ ಮನೆಯ, ನೆಂಟರ ಮನೆಯ ಕಂಬಳಿಗಳನ್ನೆಲ್ಲ ತಂದು ನಾಲ್ಕೂ ಗೋಡೆಗೆ ಮೊಳೆ ಹೊಡೆದು ತೂಗಿಸಿದ. ನೆಲಕ್ಕೆ ಜಮಖಾನ, ಅದರ ಮೇಲೆ ಹತ್ತಿಯ ಹಾಸಿಗೆ.

ಅವನ ಹೆಂಡತಿ ಅಂಜಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಮಕ್ಕಳು ರಾತ್ರಿಯೆಲ್ಲ ನಡುಗ್ಲಿ, ನಿಮ್ಮ ಗೋಡೆ ಬೆಚ್ಚಗಿರ್ಲಿ! ಅದಕ್ಕೆ ಕಷಾಯಾನೂ ಕಾಯಿಸ್ಲಾ?"

"ಸುಮ್ನಿರೇ, ನಿನಗೇನು ಗೊತ್ತಾಗುತ್ತೆ," ಎಂದ ತಮ್ಮ.

ಓದಿಗೆ ಒಂದು ದಿನ ಮುಂಚೆ, ಶುಕ್ರವಾರ ಸಂಜೆಯೇ ಕೋದಂಡರಾಮಪ್ಪನವರು ಬಂದು, ಕೂತು, ಒಂದು ಪದ್ಯ ಎತ್ತಿದರು. ದನಿ ಬಾಯಿಂದ ಹೊರಟದ್ದೇ ಹತ್ತಿಯಲ್ಲಿ ಬಿದ್ದ ಸೂಜಿಯಂತೆ ಕಾಣದಾಯಿತು. ಇನ್ನಷ್ಟು ಜೋರು ಮಾಡಿದರು, ಮತ್ತಷ್ಟು. ನಾಲ್ಕನೆಯ ಪದ್ಯಕ್ಕೆ ಕೆಮ್ಮು ಬಂತು.

"ನನ್ನ ದನಿ ನನಗೇ ಕೇಳ್ತಿಲ್ಲವಲ್ಲ ತಾಯಿ," ಎಂದರು. ಮುಖ ನೋಡಲಾಗಲಿಲ್ಲ.

ಆಗ ನನಗೆ ತಿಳಿಯಿತು. ಕೇಳುವವರಿಗೆ ಗೋಡೆ ಸುಮ್ಮನಿರಬೇಕು, ನಿಜ. ಆದರೆ ಓದುವವರಿಗೆ ತಮ್ಮ ದನಿ ಸ್ವಲ್ಪವಾದರೂ ತಿರುಗಿ ಬರಬೇಕು. ಅಷ್ಟೂ ಬಾರದಿದ್ದರೆ ಕತ್ತಲಲ್ಲಿ ನಡೆದಂತೆ, ಹೆಜ್ಜೆ ಎಲ್ಲಿ ಬಿತ್ತೆಂದೇ ತಿಳಿಯುವುದಿಲ್ಲ.

ಹಾಸಿಗೆ ಎತ್ತಿಸಿದೆ. ಅವರ ಬೆನ್ನ ಹಿಂದಿನ ಗೋಡೆಯನ್ನು ಪೂರ್ತಿ ಬರಿದು ಮಾಡಿಸಿದೆ. ಎದುರು ಗೋಡೆಯ ಎಂಟು ಕಂಬಳಿ ಹಾಗೇ ಇರಲಿ ಎಂದೆ. ಉಳಿದದ್ದು ಅಕ್ಕಪಕ್ಕದ ಗೋಡೆಗಳು. ಅಲ್ಲಿ ಕಂಬಳಿ ಇದ್ದರೆ ದನಿ ಮಂಕು, ತೆಗೆದರೆ ಮತ್ತೆ ಗದ್ದಲ. ತಮ್ಮ ಹಾಕಿ ತೆಗೆದು, ಹಾಕಿ ತೆಗೆದು ಬೆವರಿದ.

ಅಂಜಮ್ಮ ನೋಡಿ ನೋಡಿ ಬೇಸತ್ತು ಹಿತ್ತಲಿಗೆ ಹೋದಳು. ರೇಷ್ಮೆಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಂಕಿಗಳು ಅಲ್ಲಿ ಖಾಲಿ ನಿಂತಿದ್ದವು. ಆಳೆತ್ತರದ ತಟ್ಟಿ, ಅದರ ಮೈತುಂಬ ಸುರುಳಿ ಸುರುಳಿಯಾಗಿ ಎದ್ದು ನಿಂತ ಬಿದಿರ ಪಟ್ಟಿ. ಒಂದನ್ನು ಎಳೆದು ತಂದು ಗೋಡೆಗೆ ಒರಗಿಸಿದಳು.

"ಕಂಬಳೀನೂ ಬೇಡ, ಬರೀ ಗೋಡೇನೂ ಬೇಡ ಅಂತೀರಲ್ಲ, ಇದು ಎರಡೂ ಅಲ್ಲ. ನನ್ನ ಕಂಬಳಿ ನನಗೆ ಕೊಡಿ!"

ಆರು ಚಂದ್ರಂಕಿ ನಿಲ್ಲಿಸಿದೆವು. ಕೋದಂಡರಾಮಪ್ಪನವರು ಮತ್ತೆ ಓದಿದರು. ದನಿ ಆ ಸುರುಳಿಗಳಿಗೆ ತಾಗಿ ಚೂರು ಚೂರಾಗಿ ಹರಡಿತು. ಸಾಯಲಿಲ್ಲ, ಮೈಮೇಲೆ ಬೀಳಲೂ ಇಲ್ಲ. ಅವರು ಎರಡನೆಯ ಪದ್ಯವನ್ನು ಯಾರೂ ಹೇಳದೆಯೇ ಎತ್ತಿಕೊಂಡರು. ಅಶ್ವತ್ಥ ಅಂಜಮ್ಮನ ಕಡೆ ನೋಡಲಿಲ್ಲ, ಅವಳು ಮಾತ್ರ ಅವನನ್ನೇ ನೋಡುತ್ತಿದ್ದಳು.

ಶನಿವಾರ ಮಧ್ಯಾಹ್ನ ತುಂತುರು ಮಳೆ. ಆದರೂ ಸುದ್ದಿ ಹರಡಿ ಅರವತ್ತು ಜನ ಸೇರಿದರು. ಓದು ಶುರುವಾಯಿತು. ನಿನ್ನೆ ಅಷ್ಟು ಚೆನ್ನಾಗಿದ್ದ ದನಿ ಮತ್ತೆ ಮಂಕಾಗಿತ್ತು. ಹಿಂದಿನ ಸಾಲಿನವರು ಕತ್ತು ಚಾಚಿದರು. ಕೋದಂಡರಾಮಪ್ಪನವರ ಕೈ ಗಂಟಲಿಗೆ ಹೋಯಿತು.

ನಿನ್ನೆಗೂ ಇವತ್ತಿಗೂ ಏನು ಬದಲಾಗಿದೆ? ಹಜಾರದ ಸುತ್ತ ಕಣ್ಣಾಡಿಸಿದೆ. ಕಂಬಳಿ ಹೊದ್ದವರು, ಶಾಲು ಹೊದ್ದವರು, ಮಡಿಲಲ್ಲಿ ಮಗು ಮಲಗಿಸಿಕೊಂಡವರು. ಬಂದವರು ಒಬ್ಬೊಬ್ಬರೂ ಒಂದೊಂದು ಕಂಬಳಿಯೇ! ನಾವು ಖಾಲಿ ಕೋಣೆಗೆ ಅಳತೆ ಮಾಡಿದ್ದೆವು.

ಓದಿನ ನಡುವೆ ಮಾತಾಡಬಾರದೆಂದು ಅಪ್ಪ ಕಲಿಸಿದ್ದರು. ಅಂದಿನವರೆಗೆ ಮಾತಾಡಿಯೂ ಇರಲಿಲ್ಲ. ಎದ್ದು ನಿಂತೆ. "ಅಶ್ವತ್ಥ, ಎದುರು ಗೋಡೆ ಕಂಬಳಿ ಇಳಿಸೋ. ಮಾವ, ನೀವು ನಿಲ್ಲಿಸಬೇಡಿ."

ಒಂದು ಇಳಿಯಿತು. ಒಂದು ಸಾಲು ಓದಿದರು. ಇನ್ನೊಂದು ಇಳಿಯಿತು.

"ಮುನಿರಾಮಪ್ಪಣ್ಣನ ಲೆಕ್ಕಕ್ಕೆ ಎರಡು ಇಳಿಸಿ!" ಎಂದಳು ಅಂಜಮ್ಮ.

"ಎದ್ದು ಹೋಗು ಅಂತ ನೇರವಾಗೇ ಹೇಳಮ್ಮ," ಎಂದ ಆ ದಪ್ಪ ಮನುಷ್ಯ. ಎಲ್ಲರೂ ನಕ್ಕರು.

ಐದನೆಯದು ಇಳಿದಾಗ ಕೋದಂಡರಾಮಪ್ಪನವರು ಕೈಯೆತ್ತಿ, ಅರ್ಧ ತೆಲುಗಿನಲ್ಲಿ, "ಚಾಲು, ಚಾಲು! ಸಾಕು!" ಎಂದರು. ಮಾತು ನೆಟ್ಟಗೆ ನಿಂತಿತ್ತು.

ಮುಂದೆ ಬಂದದ್ದು ಜಂಬದ ರಾಜನೊಬ್ಬನನ್ನು ಅವನ ಮಂತ್ರಿಯೇ ಹಂಗಿಸುವ ಪದ್ಯ. ಕೊನೆಯ ಸಾಲು ಮುಗಿಯುತ್ತಲೇ ಬಾಗಿಲಲ್ಲಿ ಕೂತವರವರೆಗೂ ಜನ ಗೊಳ್ಳೆಂದರು. ಅರ್ಥ ಹೇಳಲು ಬಾಯಿ ತೆರೆದಿದ್ದ ಶ್ರೀರಾಮಪ್ಪನವರು ಹಾಗೇ ಉಳಿದರು.

"ನಾನು ಹೇಳೋಕೆ ಮುಂಚೇನೇ ನಕ್ಕುಬಿಟ್ರೆ ನನ್ನನ್ನ ಯಾತಕ್ಕೆ ಕರ್ಕೊಂಡು ಬಂದ್ರಿ?"

"ನೀನು ಮಜ್ಜಿಗೆ ಕುಡ್ಕೊಂಡು ಕೂತ್ಕೊಳ್ಳೋ," ಎಂದು ಕೋದಂಡರಾಮಪ್ಪನವರು ಮುಂದಿನ ಪದ್ಯಕ್ಕೆ ದನಿ ತಗ್ಗಿಸಿದರು. ತಾಯಿ ಮಗನನ್ನು ಕಳಿಸಿಕೊಡುವ ಪದ್ಯ. ಪಿಸುಮಾತಿಗಿಂತ ಒಂದು ಕೂದಲೆಳೆ ಮೇಲೆ, ಅಷ್ಟೇ. ನನ್ನ ಅಕ್ಕಪಕ್ಕದ ಹೆಂಗಸರು ಸೆರಗು ಕಣ್ಣಿಗೊತ್ತಿಕೊಂಡರು.

ಮಂಗಳಾರತಿಯಾಗಿ ಜನ ಚದುರಿದ ಮೇಲೆ ಅವರು ನನ್ನನ್ನು ಹತ್ತಿರ ಕರೆದರು.

"ಆದಿಲಕ್ಷ್ಮಮ್ಮ, ಬರೋ ಶನಿವಾರ ಮಳೆ ಜೋರಾಗಿ ಹತ್ತೇ ಜನ ಬಂದ್ರೆ ಏನ್ ಮಾಡ್ತೀಯ?"

"ಎಂಟು ಕಂಬಳೀನೂ ಮತ್ತೆ ಏರಿಸ್ತೀವಿ ಮಾವ."

"ಹಾಗಾದ್ರೆ ಸರಿ," ಎಂದು ಕೋದಂಡರಾಮಪ್ಪನವರು ಅರ್ಥ ಹೇಳುವವರ ಕಡೆ ತಿರುಗಿದರು. "ಲೇ ಶ್ರೀರಾಮಾ, ಯುದ್ಧದ ಭಾಗ ಪೂರ್ತಿ ಓದೋಣ ಕಣೋ. ಶ್ರಾವಣ ಮುಗಿದ್ರೂ ಪರವಾಗಿಲ್ಲ, ಭಾದ್ರಪದ ಇದೆಯಲ್ಲ."